ಅಟ್ಟದಿಂದ ಇಳಿದ ಎಕೋ ಮಷಿನ್

ಜೂನ್ ಎರಡನೇ ವಾರ, ಮಳೆ ಹಿಡಿದು ನಾಲ್ಕನೇ ದಿನ ಸೋಮವಾರಪೇಟೆಯಿಂದ ಸೋದರಮಾವನ ಫೋನ್ ಬಂತು. "ಅಟ್ಟ ಖಾಲಿ ಮಾಡಿಸ್ತಾ ಇದ್ದೀನಿ ಕಣೋ. ನಮ್ಮ ಎಕೋ ಸಿಕ್ತು. ಗುಜರಿಯವನು ಬಾಗಿಲಲ್ಲೇ ನಿಂತಿದ್ದಾನೆ, ಕೊಟ್ಟುಬಿಡ್ಲಾ?" ಕೊಡಬೇಡಿ ಮಾವ, ನಾಳೆ ನಾನೇ ಬರ್ತೀನಿ ಅಂದೆ. ಮರುದಿನ ಬೆಳಗಿನ ಬಸ್ಸಿಗೆ ಮಡಿಕೇರಿಯಿಂದ ಹೋದವನು ಸಂಜೆ ವಾಪಸ್ ಬರುವಾಗ ಕಾಫಿ ಗೋಣಿಚೀಲದಲ್ಲಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಹೊದಿಸಿ, ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡು ತಂದೆ. ತಿರುವುಗಳಲ್ಲಿ ಒಳಗಿನಿಂದ ಸಣ್ಣಗೆ ಸ್ಪ್ರಿಂಗ್ ಅದುರಿದ ಸದ್ದು ಕೇಳುತ್ತಿತ್ತು. ಸ್ಪ್ರಿಂಗ್ ಇನ್ನೂ ಇದೆಯಲ್ಲ ಅಂತ ಅಷ್ಟಕ್ಕೇ ಸಮಾಧಾನ.

ಮಷಿನ್ ಯಾವುದೆಂದರೆ ಹಾಡಿಗೆ, ವಾದ್ಯಕ್ಕೆ ಪ್ರತಿಧ್ವನಿ ಸೇರಿಸುವ, ರೋಲ್ಯಾಂಡ್ ಕಂಪನಿಯ ಆರ್‌ಇ-201, ಸ್ಪೇಸ್ ಎಕೋ. ಇಕುಟಾರೋ ಕಾಕೆಹಾಶಿ ಎಂಬವರು 1972ರಲ್ಲಿ ಜಪಾನಿನ ಒಸಾಕಾದಲ್ಲಿ ರೋಲ್ಯಾಂಡ್ ಶುರು ಮಾಡಿದರು. ಎರಡೇ ವರ್ಷಕ್ಕೆ, 1974ರಲ್ಲಿ, ಈ ಮಷಿನ್ ಹೊರಬಂತು. ಮಾವ ಎಂಬತ್ತರ ದಶಕದಲ್ಲಿ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದರು. ಜಾತ್ರೆ, ಗಣೇಶನ ಪೆಂಡಾಲು, ಮದುವೆ ಮನೆ, ಎಲ್ಲಿಗೆ ಹೋದರೂ ಈ ಹಸಿರು ಮುಖದ ಪೆಟ್ಟಿಗೆ ಅವರ ಪಕ್ಕದಲ್ಲೇ ಒಂದು ಕಬ್ಬಿಣದ ಕುರ್ಚಿಯ ಮೇಲೆ ಕೂರುತ್ತಿತ್ತು. ನಾನು ಆಗ ತೀರಾ ಚಿಕ್ಕವನು. ಹಾಡು ನೆನಪಿಲ್ಲ. ಹಾಡು ಮುಗಿದ ಮೇಲೂ ಮಾವನ ಗಿಟಾರ್ ಎಲ್ಲೋ ದೂರದ ಬೆಟ್ಟದಲ್ಲಿ ಬಾರಿಸಿದ ಹಾಗೆ ಕೇಳುತ್ತಲೇ ಇದ್ದದ್ದು ಮಾತ್ರ ನೆನಪಿದೆ. ನಾನು ಆಂಪ್ಲಿಫೈಯರ್, ಮಿಕ್ಸರ್, ಗಿಟಾರಿನ ಹಳೇ ಪೆಡಲ್ ಅಂತ ಬೆಸುಗೆಯ ಐರನ್ ಹಿಡಿದು ಕೂತದ್ದಕ್ಕೆ ಆ ನೆನಪೇ ಮೂಲ. ಹಾಗಾಗಿ ಈ ಕೆಲಸವನ್ನು ಅವಸರದಲ್ಲಿ ಮಾಡಬಾರದು ಅಂತ ಮೊದಲೇ ತೀರ್ಮಾನಿಸಿದ್ದೆ.

ಮೊದಲ ಭಾನುವಾರ: ಪ್ಲಗ್ ಹಾಕಲಿಲ್ಲ

ಹಳೇ ಮಷಿನ್ ಕೈಗೆ ಬಂದ ಕೂಡಲೇ ಕರೆಂಟು ಕೊಟ್ಟು ನೋಡುವ ಆಸೆ ಎಲ್ಲರಿಗೂ ಇರುತ್ತದೆ. ದಯವಿಟ್ಟು ಕೊಡಬೇಡಿ. ವರ್ಷಗಟ್ಟಲೆ ಸುಮ್ಮನೆ ಕೂತ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗೆ ಒಮ್ಮೆಲೇ ಪೂರ್ತಿ ವೋಲ್ಟೇಜ್ ಬಿದ್ದರೆ ಅದು ಶಾರ್ಟ್ ಆಗಿ ತನ್ನ ಜೊತೆ ಟ್ರಾನ್ಸ್‌ಫಾರ್ಮರ್‌ನ್ನೂ ಕರೆದುಕೊಂಡು ಹೋಗಬಹುದು. ಕೆಪಾಸಿಟರ್ ಪೇಟೆಯಲ್ಲಿ ಸಿಗುತ್ತದೆ. ಆ ಟ್ರಾನ್ಸ್‌ಫಾರ್ಮರ್ ಸಿಗುವುದಿಲ್ಲ.

ಸ್ಕ್ರೂಗಳಿಗೆ ತುಕ್ಕು ಹಿಡಿದಿತ್ತು. ಒಂದೊಂದರ ತಲೆಗೂ ಒಂದೊಂದು ತೊಟ್ಟು ಸೀಮೆಎಣ್ಣೆ ಬಿಟ್ಟು, ಊಟ ಮಾಡಿ ಬಂದು ಆಮೇಲೆ ಬಿಚ್ಚಿದೆ. ಮುಚ್ಚಳ ತೆಗೆದಾಗ ಬಂದ ವಾಸನೆ ಕೊಡಗಿನಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ: ಹೊಗೆ ಮತ್ತು ಮುಗ್ಗಲು, ಎರಡೂ ಒಟ್ಟಿಗೆ. ಮಾವನ ಮನೆಯ ಆ ಅಟ್ಟ ಇರುವುದು ಅಡುಗೆಮನೆಯ ಸೌದೆ ಒಲೆಯ ನೇರ ಮೇಲೆ. ಒಲೆ ಉರಿಯುತ್ತಿದ್ದಷ್ಟು ಕಾಲ ಅಲ್ಲಿ ಕರಿಮೆಣಸು, ಸೌದೆ, ಬೀಜದ ಬತ್ತ ಎಲ್ಲಾ ಬೆಚ್ಚಗೆ ಇರುತ್ತಿತ್ತು. ಮಷಿನ್ ಕೂಡ ಹಾಗೇ ಇದ್ದಿರಬೇಕು. ಹೊರಗೆಲ್ಲ ತೆಳ್ಳಗೆ ಮಸಿ ಕೂತಿತ್ತು, ಆದರೆ ಮಸಿಯ ಕೆಳಗಿನ ಲೋಹ ಚೆನ್ನಾಗಿತ್ತು. ಗ್ಯಾಸ್ ಬಂದು ಒಲೆ ಆರಿದ ಮೇಲೆ ಅಟ್ಟಕ್ಕೆ ಶೀತ ಹತ್ತಿದೆ. ಮಸಿಯ ಮೇಲೆ ಬಿಳಿ ಬೂಷ್ಟು ಬೆಳೆದದ್ದು ಆಮೇಲಿನ ಕಥೆ. ಯಾವ ಪದರ ಮೇಲೆ, ಯಾವುದು ಕೆಳಗೆ ಅಂತ ನೋಡಿದರೆ ಮನೆಯ ಇತಿಹಾಸವೇ ಅಲ್ಲಿ ಬರೆದ ಹಾಗಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆಯ ಬೀರುವಿನೊಳಗೆ ಬಲ್ಬು ಉರಿಸಿಡುತ್ತಾರಲ್ಲ, ಅದನ್ನೇ ಈ ಪೆಟ್ಟಿಗೆಗೂ ಮಾಡಿದೆ. ಹಳೇ ಕಪಾಟಿನಲ್ಲಿ ಇಟ್ಟು 40 ವ್ಯಾಟಿನ ಬಲ್ಬು ಹಾಕಿ, ಬಾಗಿಲು ಸಂದು ಬಿಟ್ಟು, ಹತ್ತು ದಿನ ಮುಟ್ಟಲಿಲ್ಲ.

ಒಳಗೆ ಏನಿದೆ

ಕಾಯುವಾಗ ಇದು ಹೇಗೆ ಕೆಲಸ ಮಾಡುತ್ತದೆ ಅಂತ ಬರೆದುಬಿಡುತ್ತೇನೆ, ಮುಂದಿನದು ಅರ್ಥವಾಗಲು ಬೇಕು.

ಕಾಲು ಇಂಚು ಅಗಲದ ಟೇಪು, ಎರಡು ತುದಿ ಸೇರಿಸಿ ಅಂಟಿಸಿದ ಒಂದೇ ಸುತ್ತು. ಅದು ಮೊದಲು ಎರೇಸ್ ಹೆಡ್ ಮುಂದೆ ಹೋಗುತ್ತದೆ, ಹಳೆಯದು ಅಳಿಯುತ್ತದೆ. ಆಮೇಲೆ ರೆಕಾರ್ಡ್ ಹೆಡ್, ನಿಮ್ಮ ಧ್ವನಿ ಅಚ್ಚಾಗುತ್ತದೆ. ಆಮೇಲೆ ಸಾಲಾಗಿ ಮೂರು ಪ್ಲೇಬ್ಯಾಕ್ ಹೆಡ್‌ಗಳು. ರೆಕಾರ್ಡ್ ಹೆಡ್‌ನಿಂದ ಪ್ಲೇಬ್ಯಾಕ್ ಹೆಡ್‌ವರೆಗೆ ಟೇಪು ನಡೆದು ಬರಲು ಹಿಡಿಯುವ ಹೊತ್ತೇ ಎಕೋ. ಲೆಕ್ಕಕ್ಕೆ ಹೇಳುವುದಾದರೆ, ಟೇಪು ಸೆಕೆಂಡಿಗೆ 19 ಸೆಂಟಿಮೀಟರ್ ಓಡುತ್ತಿದ್ದು ಹೆಡ್‌ಗಳ ನಡುವೆ 3.8 ಸೆಂಟಿಮೀಟರ್ ದೂರವಿದ್ದರೆ, ಧ್ವನಿ 0.2 ಸೆಕೆಂಡ್ ತಡವಾಗಿ ಕೇಳುತ್ತದೆ. ಮೋಟಾರಿನ ವೇಗ ಕಡಿಮೆ ಮಾಡಿದರೆ ಎಕೋ ದೂರ ಸರಿಯುತ್ತದೆ. ಪ್ಲೇಬ್ಯಾಕ್ ಆದದ್ದನ್ನು ಸ್ವಲ್ಪ ಸ್ವಲ್ಪ ವಾಪಸ್ ರೆಕಾರ್ಡ್ ಹೆಡ್‌ಗೆ ಕೊಟ್ಟರೆ ಮತ್ತೆ ಮತ್ತೆ ಕೇಳುತ್ತದೆ, ಇಂಟೆನ್ಸಿಟಿ ಎಂಬ ನಾಬ್ ಮಾಡುವುದು ಅದನ್ನೇ. ಮೋಡ್ ಸೆಲೆಕ್ಟರ್‌ಗೆ 12 ಸ್ಥಾನ. ಮೊದಲ ನಾಲ್ಕರಲ್ಲಿ ಬರೀ ಎಕೋ, 5ರಿಂದ 11ರವರೆಗೆ ಎಕೋ ಜೊತೆ ಸ್ಪ್ರಿಂಗ್ ರಿವರ್ಬ್ (ಸ್ಪ್ರಿಂಗನ್ನು ಅಲುಗಿಸಿ ಬರಿಸುವ ಗುಂಗು), 12ರಲ್ಲಿ ರಿವರ್ಬ್ ಮಾತ್ರ.

ಟೇಪಿನ ಎಕೋ ಇದಕ್ಕಿಂತ ಮುಂಚೆಯೂ ಇತ್ತು. ಲಂಡನ್ನಿನ ವಾಟ್ಕಿನ್ಸ್ ಕಾಪಿಕ್ಯಾಟ್ 1958ರದು, ಅಮೆರಿಕದ ಎಕೋಪ್ಲೆಕ್ಸ್ ಅದರ ಮರುವರ್ಷದ್ದು. ಇಟಲಿಯ ಬಿನ್ಸನ್ ಕಂಪನಿ ಟೇಪಿನ ಬದಲು ಕಾಂತೀಯ ಡ್ರಮ್ಮನ್ನೇ ತಿರುಗಿಸುತ್ತಿತ್ತು. ಆರ್‌ಇ-201ರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ಟೇಪಿಗೆ ಕೊಟ್ಟ ಸ್ವಾತಂತ್ರ್ಯ. ರೀಲು ಇಲ್ಲ. ಚಪ್ಪಟೆ ಕೋಣೆಯೊಂದರಲ್ಲಿ ಟೇಪು ಮಡಿಕೆ ಮಡಿಕೆಯಾಗಿ, ಒಂದರ ಪಕ್ಕ ಒಂದು ಸಡಿಲವಾಗಿ ಕೂತಿರುತ್ತದೆ, ತಟ್ಟೆಗೆ ಒತ್ತಿದ ನೂಲ್‌ಪುಟ್ಟಿನ ಹಾಗೆ. ಒಂದು ಕಡೆಯಿಂದ ಒಳಗೆ ಬೀಳುತ್ತಾ ಇನ್ನೊಂದು ಕಡೆಯಿಂದ ಎಳೆದುಕೊಂಡು ಹೋಗುತ್ತದೆ. ಎಳೆತ ಕಡಿಮೆ, ಹಾಗಾಗಿ ಸವೆತವೂ ಕಡಿಮೆ. ಮೇಲಿನ ಪಾರದರ್ಶಕ ಮುಚ್ಚಳದಿಂದ ಅದು ನಿಧಾನಕ್ಕೆ ಹರಿಯುವುದನ್ನು ನೋಡುತ್ತಾ ಕೂರಬಹುದು. ನಾನು ಕೂತಿದ್ದೇನೆ.

ಬಲ್ಬು ಸಾಕ್ಷಿ ಹೇಳಿತು

ಜೂನ್ ಕೊನೆಗೆ ಮೊದಲ ಸಲ ಕರೆಂಟು. ಮೂಲ ವೈರು ಬಿರುಕು ಬಿಟ್ಟಿದ್ದರಿಂದ ಅದನ್ನು ಬದಲಿಸಿ, ಫ್ಯೂಸ್ ನೋಡಿ, ಸೀರೀಸ್ ಬಲ್ಬಿನ ಮೂಲಕ ಕೊಟ್ಟೆ. ನಮ್ಮ ರಿಪೇರಿ ಅಂಗಡಿಗಳಲ್ಲಿ ಗೋಡೆಗೆ ಹೊಡೆದಿರುವ ಆ ಹೋಲ್ಡರು ಮತ್ತು 60 ವ್ಯಾಟಿನ ಬಲ್ಬಿಗಿಂತ ಒಳ್ಳೆಯ ಸಲಕರಣೆ ಇನ್ನೂ ಬಂದಿಲ್ಲ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ಮಷಿನ್‌ನ್ನು ಉಳಿಸುತ್ತದೆ. ಇಲ್ಲಿ ಒಮ್ಮೆ ಮಿಂಚಿ, ನಿಧಾನಕ್ಕೆ ಮಂಕಾಗಿ ಕೆಂಪು ತಂತಿಯಷ್ಟೇ ಉಳಿಯಿತು. ಟ್ರಾನ್ಸ್‌ಫಾರ್ಮರ್ ಬದುಕಿದೆ.

ಆಂಪ್ಲಿಫೈಯರ್‌ಗೆ ಜೋಡಿಸಿದರೆ ಗಿಟಾರಿನ ನೇರ ಧ್ವನಿ ಬಂತು, ಜೊತೆಗೆ ದೊಡ್ಡ ಗುಂಯ್ ಸದ್ದು. ಈ ಗುಂಯ್ ಸದ್ದಿನಲ್ಲಿ ಎರಡು ಜಾತಿ ಇವೆ, ಕಿವಿ ಪಳಗಿದರೆ ಗೊತ್ತಾಗುತ್ತದೆ. ಅರ್ಥಿಂಗ್ ಸರಿ ಇಲ್ಲದೆಯೋ, ಪಕ್ಕದ ವೈರಿನಿಂದ ಹತ್ತಿಯೋ ಬರುವುದು 50 ಹರ್ಟ್ಸ್, ತಗ್ಗು ಸ್ವರ, ದುಂಡಗಿರುತ್ತದೆ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಆದ ಮೇಲೆ ಫಿಲ್ಟರ್ ಕೆಪಾಸಿಟರ್ ಒಣಗಿದ್ದರಿಂದ ಬರುವುದು ಅದರ ಇಮ್ಮಡಿ, 100 ಹರ್ಟ್ಸ್, ಜೇನ್ನೊಣದ ಹಾಗೆ ಸ್ವಲ್ಪ ಚೂಪು. ಇದು ಎರಡನೆಯದು. ಆಸಿಲೋಸ್ಕೋಪ್‌ನಲ್ಲೂ ಅದನ್ನೇ ಕಂಡೆ. ಮುಖ್ಯ ಫಿಲ್ಟರ್ ಕೆಪಾಸಿಟರ್ ಒಂದನ್ನು ಮಾತ್ರ ಬದಲಿಸಿದೆ: ಅದೇ ಮೌಲ್ಯ, ವೋಲ್ಟೇಜ್ ಒಂದು ಹಂತ ಮೇಲಿನದು, 105 ಡಿಗ್ರಿ ಬಿಸಿ ತಾಳುವಂಥದು. ಬೆಂಗಳೂರಿಗೆ ಹೋದಾಗಲೆಲ್ಲ ಎಸ್.ಪಿ. ರೋಡಿನಿಂದ ನಾಲ್ಕಾರು ತಂದಿಟ್ಟುಕೊಂಡಿರುತ್ತೇನೆ. ಗುಂಯ್ ನಿಂತಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹಳೇ ಮಷಿನ್ ಬಂದರೆ ಇರುವ ಕೆಪಾಸಿಟರ್ ಎಲ್ಲಾ ಕಿತ್ತು ಹೊಸದು ಹಾಕುವುದು ಈಗ ರೂಢಿಯಾಗಿದೆ. ನಾನು ಅದನ್ನು ಒಪ್ಪುವುದಿಲ್ಲ. ಅಳೆದು ನೋಡಿ ಕೆಟ್ಟದ್ದನ್ನು ತೆಗೆಯಿರಿ, ಕೆಲಸ ಮಾಡುತ್ತಿರುವುದನ್ನು ಮುಟ್ಟಬೇಡಿ. ಐವತ್ತು ವರ್ಷದ ಬೋರ್ಡಿನ ತಾಮ್ರದ ಗೆರೆ ಬಿಸಿ ತಾಗಿದರೆ ಎದ್ದು ಬರುತ್ತದೆ. ಪ್ರತಿಯೊಂದು ಅನಗತ್ಯ ಬೆಸುಗೆಯೂ ಒಂದು ಗಾಯ. ಈ ಮಷಿನ್‌ಗೂ ಹಿಂದೊಮ್ಮೆ ಯಾರೋ ರಿಪೇರಿಯವರು ಕೈ ಹಾಕಿದ್ದರು. ಮೂರು ಕಡೆ ಗೆರೆ ಕಿತ್ತು ತುಂಡು ವೈರಿನಲ್ಲಿ ಜೋಡಿಸಿದ್ದರು, ಸರ್ಕ್ಯೂಟನ್ನು ಹದಕ್ಕೆ ತರುವ ಸಣ್ಣ ಟ್ರಿಮ್ಮರ್‌ಗಳನ್ನೆಲ್ಲ ಮನಬಂದಂತೆ ತಿರುಗಿಸಿದ್ದರು. ಫ್ಯಾಕ್ಟರಿಯಲ್ಲಿ ಹಚ್ಚಿದ ಬಣ್ಣದ ಗುರುತು ಒಂದು ಕಡೆ, ಟ್ರಿಮ್ಮರಿನ ಮುಖ ಇನ್ನೊಂದು ಕಡೆ ನೋಡುತ್ತಿತ್ತು. ಅಂದಿನ ತೊಂದರೆ ಟ್ರಿಮ್ಮರಿನದೇ ಆಗಿರಲಿಲ್ಲ ಅಂತ ಮುಂದಿನ ವಾರ ತಿಳಿಯಿತು.

ಟೇಪಿನ ದಾರಿ

ನನ್ನ ಮೇಜಿಗೆ ಬಂದ ಟೇಪ್ ಎಕೋಗಳಲ್ಲಿ ಹೆಚ್ಚಿನವಕ್ಕೆ ರೋಗ ಇದ್ದದ್ದು ಸರ್ಕ್ಯೂಟಿನಲ್ಲಿ ಅಲ್ಲ, ಟೇಪು ಓಡುವ ದಾರಿಯಲ್ಲಿ. ಎಕೋ ಮಂಕಾಗಿದೆ, ಧ್ವನಿ ಅಲುಗುತ್ತದೆ, ಒಂದು ಹೆಡ್ ಕೇಳಿಸುವುದಿಲ್ಲ ಅಂದಾಗ ಮೊದಲು ಹಿಡಿಯಬೇಕಾದ್ದು ಐರನ್ ಅಲ್ಲ, ಬಡ್ಸ್ ಮತ್ತು ಐಸೋಪ್ರೊಪೈಲ್ ಆಲ್ಕೋಹಾಲ್. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಅಂಟೂ ಇರುತ್ತದೆ.

ಹಳೇ ಟೇಪನ್ನು ಕರೆಂಟು ಕೊಡುವ ಮೊದಲೇ ಜೋಪಾನವಾಗಿ ತೆಗೆದು, ಒಂದು ಸ್ಟೀಲಿನ ಡಬ್ಬಿಯಲ್ಲಿ ಮಡಿಕೆ ಕೆಡದ ಹಾಗೆ ಇಟ್ಟಿದ್ದೆ. ಎಸೆಯಲಿಲ್ಲ, ಅದಕ್ಕೆ ಕಾರಣ ಇತ್ತು, ಹೇಳುತ್ತೇನೆ. ಹೆಡ್‌ಗಳ ಮೇಲೆ ಕಂದು ಪುಡಿ ಗಟ್ಟಿಯಾಗಿ ಕೂತಿತ್ತು. ಟೇಪಿನ ಕಾಂತೀಯ ಲೇಪನ ಉದುರಿ, ತೇವ ಸೇರಿ, ಬೆಲ್ಲದ ಪಾಕದ ಹಾಗೆ ಅಂಟಿದ್ದು. ಹೆಡ್ಡಿನ ಮಧ್ಯದಲ್ಲಿರುವ ಸೀಳು ಕಣ್ಣಿಗೆ ಕಾಣದಷ್ಟು ಸಣ್ಣದು. ಅದರ ಮೇಲೆ ಒಂದು ಪದರ ಕೊಳೆ ಕೂತರೂ ಟೇಪು ಅಷ್ಟು ದೂರ ಸರಿಯುತ್ತದೆ, ಮೊದಲು ಹೋಗುವುದು ಟ್ರೆಬಲ್, ಅಂದರೆ ಧ್ವನಿಯ ಚೂಪು ಸ್ವರಗಳು. ಹಿಂದಿನ ರಿಪೇರಿಯವರು ಕಳೆದುಹೋದ ಆ ಟ್ರೆಬಲ್‌ನ್ನು ಟ್ರಿಮ್ಮರ್ ತಿರುಗಿಸಿ ವಾಪಸ್ ತರಲು ನೋಡಿದ್ದರು. ಒಂದೊಂದು ಹೆಡ್‌ಗೂ ಎಂಟು ಹತ್ತು ಬಡ್ಸ್ ಹಿಡಿಯಿತು. ಬಡ್ಸ್ ಬಿಳಿಯಾಗಿಯೇ ವಾಪಸ್ ಬರುವವರೆಗೂ ಒರೆಸಬೇಕು.

ಹೆಡ್‌ಗಳನ್ನು ಡೀಮ್ಯಾಗ್ನೆಟೈಸ್ ಮಾಡುವಾಗ, ಅಂದರೆ ಅಂಟಿದ ಕಾಂತತ್ವ ತೆಗೆಯುವಾಗ, ಒಂದು ಎಚ್ಚರ. ಮಷಿನ್ ಆಫ್ ಇರಬೇಕು. ಡೀಮ್ಯಾಗ್ನೆಟೈಸರನ್ನು ಎರಡು ಅಡಿ ದೂರದಲ್ಲೇ ಆನ್ ಮಾಡಿ, ನಿಧಾನಕ್ಕೆ ಹತ್ತಿರ ತಂದು, ಹೆಡ್ ಮುಂದೆ ಆಡಿಸಿ, ಅಷ್ಟೇ ನಿಧಾನಕ್ಕೆ ಹಿಂದೆ ತಂದು, ದೂರದಲ್ಲೇ ಆಫ್ ಮಾಡಬೇಕು. ಹತ್ತಿರ ಇರುವಾಗಲೇ ಕರೆಂಟು ಹೋದರೆ ಹೆಡ್ಡಿಗೆ ಇದ್ದದ್ದಕ್ಕಿಂತ ಹೆಚ್ಚು ಕಾಂತತ್ವ ಅಂಟಿಕೊಂಡುಬಿಡುತ್ತದೆ. ಜುಲೈ ತಿಂಗಳ ಮಡಿಕೇರಿಯಲ್ಲಿ ಕರೆಂಟನ್ನು ನಂಬುವ ಹಾಗಿಲ್ಲ. ಈ ಕೆಲಸವನ್ನು ಇನ್ವರ್ಟರ್ ಮೇಲೆ ಮಾಡಿದೆ.

ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಫೆಲ್ಟ್ ಅಂಟು ಒಣಗಿ ಉದುರಿ ಹೋಗಿತ್ತು. ಹಾರ್ಮೋನಿಯಂ ರಿಪೇರಿ ಮಾಡುವವರ ಹತ್ತಿರ ಒಳ್ಳೆಯ ಫೆಲ್ಟ್ ಸಿಗುತ್ತದೆ. ಬೆರಳ ಉಗುರಿನಷ್ಟು ತುಂಡು ಕತ್ತರಿಸಿ ಅಂಟಿಸಿದೆ. ಮೋಟಾರಿನ ಬೇರಿಂಗ್‌ಗೆ ಹೊಲಿಗೆ ಮಷಿನ್ ಎಣ್ಣೆ ಒಂದೇ ತೊಟ್ಟು, ಸೂಜಿ ತುದಿಯಲ್ಲಿ. ಎಣ್ಣೆ ರಬ್ಬರಿಗೆ ತಾಗಬಾರದು.

ರಬ್ಬರ್ ಅಂದರೆ ಪಿಂಚ್ ರೋಲರ್. ತಿರುಗುವ ಉಕ್ಕಿನ ಕ್ಯಾಪ್‌ಸ್ಟನ್ ಕಡ್ಡಿಗೆ ಟೇಪನ್ನು ಒತ್ತಿ ಎಳೆಸುವುದು ಇದೇ. ಇದರ ಮೈ ಗಟ್ಟಿಯಾಗಿ ಗಾಜಿನ ಹಾಗೆ ಹೊಳೆಯುತ್ತಿತ್ತು. ಉಗುರಿನಿಂದ ಒತ್ತಿದರೆ ಗುರುತು ಬೀಳುತ್ತಿರಲಿಲ್ಲ. ಹೊಳೆಯುವ ರಬ್ಬರು ಟೇಪನ್ನು ಹಿಡಿಯುವುದಿಲ್ಲ, ಜಾರಿಸುತ್ತದೆ. ಸೋಪುನೀರಿನಲ್ಲಿ ತೊಳೆದು ನೋಡಿದೆ, ಕೈಯಲ್ಲೇ ವಾಟರ್ ಪೇಪರ್ ಉಜ್ಜಿ ನೋಡಿದೆ. ಕೈಯಲ್ಲಿ ಉಜ್ಜಿದ್ದು ತಪ್ಪಾಯಿತು. ದುಂಡು ಕೆಟ್ಟು, ಒಂದೊಂದು ಸುತ್ತಿಗೂ ಟೇಪು ಸಣ್ಣಗೆ ಎಗರತೊಡಗಿತು. ಕೊನೆಗೆ ಕುಶಾಲನಗರದ ಒಂದು ಲೇತ್ ಅಂಗಡಿಗೆ ತೆಗೆದುಕೊಂಡು ಹೋದೆ. ಅವರ ದಿನನಿತ್ಯದ ಕೆಲಸ ಕಾಫಿ ಪಲ್ಪರ್ ಬಿಡಿಭಾಗಗಳದು. ಹೆಬ್ಬೆರಳಿನಷ್ಟು ರಬ್ಬರ್ ಉರುಳೆಯನ್ನು ಅಂಗೈಯಲ್ಲಿ ಇಟ್ಟುಕೊಂಡು, "ಇದು ಯಾವ ಮಷಿನ್‌ದು ಅಣ್ಣಾ?" ಅಂದರು. ಹಾಡಿನ ಮಷಿನ್‌ದು ಅಂದೆ. ಮತ್ತೇನೂ ಕೇಳಲಿಲ್ಲ. ಲೇತಿಗೆ ಕಟ್ಟಿ, ನಿಧಾನ ವೇಗದಲ್ಲಿ ತಿರುಗಿಸಿ, ಮರದ ತುಂಡಿಗೆ ಸುತ್ತಿದ ವಾಟರ್ ಪೇಪರ್ ತಾಗಿಸಿ, ಕೂದಲೆಳೆಯಷ್ಟು ತೆಗೆದರು. ಒಳಗಿನಿಂದ ಮ್ಯಾಟಾದ ಕಪ್ಪು ರಬ್ಬರು ಬಂತು, ಉಗುರಿಗೆ ಮೆತ್ತಗೆ. ದುಡ್ಡು ಬೇಡ ಅಂದರು, ಒತ್ತಾಯ ಮಾಡಿ ಕೊಟ್ಟೆ.

ರೋಲರ್ ಸಣ್ಣದಾದರೆ ವೇಗ ಬದಲಾಗುವುದಿಲ್ಲವೇ ಅಂತ ಸ್ನೇಹಿತರೊಬ್ಬರು ಕೇಳಿದರು. ಆಗುವುದಿಲ್ಲ. ಟೇಪಿನ ವೇಗವನ್ನು ತೀರ್ಮಾನಿಸುವುದು ಕ್ಯಾಪ್‌ಸ್ಟನ್ನಿನ ದಪ್ಪ ಮತ್ತು ಅದು ತಿರುಗುವ ವೇಗ. ರೋಲರ್ ಬರೀ ಒತ್ತಿ ಹಿಡಿಯುತ್ತದೆ.

ಡಬ್ಬಿಯಲ್ಲಿದ್ದ ಟೇಪು

ಈಗ ಆ ಕಾರಣ. ಎಕೋ ಮಷಿನ್ ಓಡುತ್ತಿರುವಷ್ಟು ಹೊತ್ತೂ ಹಳೆಯದನ್ನು ಅಳಿಸುತ್ತಾ ಹೊಸದನ್ನು ಬರೆಯುತ್ತಾ ಇರುತ್ತದೆ. ಸ್ವಿಚ್ ಆಫ್ ಮಾಡಿದ ಕ್ಷಣಕ್ಕೆ ಮುಂಚಿನ ಒಂದು ಸುತ್ತಿನಷ್ಟು ಧ್ವನಿ ಮಾತ್ರ ಟೇಪಿನ ಮೇಲೆ ಉಳಿದಿರುತ್ತದೆ. ಮತ್ತೆ ಆನ್ ಮಾಡಿದರೆ ಅದೂ ಎರೇಸ್ ಹೆಡ್ ಮುಂದೆ ಹಾದು ಅಳಿಯುತ್ತದೆ, ಪ್ಲೇಬ್ಯಾಕ್ ಹೆಡ್ಡಿಗೆ ಬರುವುದೇ ಇಲ್ಲ. ಅಂದರೆ ಮಾವನ ಮಷಿನ್ ಕೊನೆಯ ಸಲ ಆಫ್ ಆದಾಗಿನ ಕೆಲವು ಕ್ಷಣಗಳು ಆ ಡಬ್ಬಿಯಲ್ಲಿ ಇವೆ. ಕೇಳಬೇಕಾದರೆ ಎರೇಸ್ ಹೆಡ್ಡಿನ ವೈರನ್ನೂ ರೆಕಾರ್ಡ್ ಹೆಡ್ಡಿನ ವೈರನ್ನೂ ಬಿಚ್ಚಿ, ಬರೀ ಓದುವ ಮಷಿನ್ ಮಾಡಿ ಓಡಿಸಬೇಕು. ಬೂಷ್ಟು ಹಿಡಿದ ಟೇಪು, ಒಂದು ಸಲ ಓಡಿದರೆ ಹೆಚ್ಚು. ಒಣಗಿದ ಹತ್ತಿಬಟ್ಟೆಯಲ್ಲಿ ಅದನ್ನು ಉದ್ದಕ್ಕೂ ಹಗುರವಾಗಿ ಒರೆಸಿ ಕಾದಿಟ್ಟೆ.

ಆಗಸ್ಟ್ ಮೊದಲ ವಾರ, ಕೊಡಗಿನ ಕಕ್ಕಡ 18ರ ಹಬ್ಬದ ಮರುದಿನ ಮಾವ ಬಂದರು. ಅತ್ತೆ ನೇರಳೆ ಬಣ್ಣ ಬಿಡುವ ಮದ್ದುಸೊಪ್ಪಿನ ಪಾಯಸ ಕಳಿಸಿದ್ದರು. ತಿಂದು, ನೇರಳೆ ಬಣ್ಣದ ಕೈ ಚೆನ್ನಾಗಿ ತೊಳೆದುಕೊಂಡು ಮೇಜಿಗೆ ಬಂದೆವು. ಫೋನನ್ನು ರೆಕಾರ್ಡಿಗೆ ಇಟ್ಟು ಸ್ವಿಚ್ ಹಾಕಿದೆ.

ಮೊದಲು ಸುಯ್ ಅನ್ನುವ ಸದ್ದು. ಆಮೇಲೆ ಯಾರೋ ಮೈಕನ್ನು ಬೆರಳಿನಿಂದ ತಟ್ಟಿದರು, ಟಪ್, ಟಪ್. "ಹಲೋ" ಅಂತ ಒಂದು ಗಂಡು ಧ್ವನಿ, ಅದರ ಹಿಂದೆಯೇ ಹಲೋ, ಹಲೋ, ಪ್ರತಿ ಸಲಕ್ಕೂ ಮಸುಕಾಗುತ್ತಾ. ಇಂಟೆನ್ಸಿಟಿಯಿಂದ ವಾಪಸ್ ಬಂದ ಎಕೋ ಕೂಡ ಟೇಪಿನ ಮೇಲೆಯೇ ಅಚ್ಚಾಗಿತ್ತು. ಆಮೇಲೆ ದೂರದಿಂದ "ತೆಗಿ, ತೆಗಿ." ಆಮೇಲೆ ಮತ್ತೆ ಸುಯ್. ಅಷ್ಟೇ. ಎರಡನೇ ಸುತ್ತಿಗೆ ಬರುವಷ್ಟರಲ್ಲಿ ಟೇಪಿನ ಜೋಡಣೆ ಬಿಟ್ಟುಕೊಂಡಿತು, ನಿಲ್ಲಿಸಿದೆ.

ಮಾವ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಅದು ನಾನಲ್ಲ ಕಣೋ. ನಮ್ಮ ಸೌಂಡಿನವನು" ಅಂದರು. ಯಾವ ಊರು, ಯಾವ ರಾತ್ರಿ ಅಂತ ಅವರಿಗೂ ನೆನಪಾಗಲಿಲ್ಲ. ಫೋನಿನಲ್ಲಿ ರೆಕಾರ್ಡ್ ಆದದ್ದನ್ನು ಮೂರು ಸಲ ಹಾಕಿಸಿಕೊಂಡು ಕೇಳಿದರು.

ಹೊಸ ಸುತ್ತು, ಹಳೇ ದೆವ್ವ

ಹೊಸ ಟೇಪಿನ ಲೂಪು ತರಿಸಿದ್ದು ಬರಲು ತಡವಾಗುವುದಿತ್ತು. ಪರೀಕ್ಷೆಗೆ ಅಂತ ಹಳೇ ಸ್ಪೂಲ್ ಒಂದರಿಂದ ನಾನೇ ಸುತ್ತು ಮಾಡಿದೆ. ಬೆನ್ನಿಗೆ ಕಪ್ಪು ಲೇಪನ ಇರುವ ಟೇಪು ಇದಕ್ಕೆ ಒಳ್ಳೆಯದು, ನುಣುಪು ಬೆನ್ನಿನ ಟೇಪು ಕೋಣೆಯೊಳಗೆ ಒಂದಕ್ಕೊಂದು ಅಂಟಿಕೊಂಡು ಕಟ್ಟಿಕೊಳ್ಳುತ್ತದೆ. ಹಳೇ ಟೇಪಿನಷ್ಟೇ ಉದ್ದ ಅಳೆದು, ಎರಡು ತುದಿಯನ್ನೂ ಒಂದರ ಮೇಲೊಂದು ಇಟ್ಟು 45 ಡಿಗ್ರಿ ಓರೆಯಾಗಿ ಒಂದೇ ಏಟಿಗೆ ಕತ್ತರಿಸಬೇಕು. ನೇರ ಕತ್ತರಿಸಿದರೆ ಜೋಡಣೆ ಹೆಡ್ ದಾಟುವಾಗಲೆಲ್ಲ ಟಕ್ ಅನ್ನುತ್ತದೆ, ಓರೆಯಾದರೆ ಧ್ವನಿ ಒಂದರಿಂದ ಇನ್ನೊಂದಕ್ಕೆ ಜಾರುತ್ತದೆ. ಬ್ಲೇಡಿಗೆ ಕಾಂತತ್ವ ಇರಬಾರದು, ಇದ್ದರೆ ಕತ್ತರಿಸಿದ ಜಾಗದಲ್ಲೇ ಸದ್ದು ಬರೆದುಬಿಡುತ್ತದೆ. ಅಂಟಿಸುವ ಪಟ್ಟಿ ಟೇಪಿನ ಬೆನ್ನಿಗೆ, ಟೇಪಿಗಿಂತ ಕೂದಲೆಳೆ ಕಿರಿದಾಗಿ, ಅಂಚಿನಿಂದ ಹೊರಗೆ ಚಾಚದ ಹಾಗೆ. ಉಗುರಿನ ಬೆನ್ನಿನಿಂದ ಒತ್ತಿ ಗಾಳಿ ತೆಗೆಯಬೇಕು. ಮಳೆಗಾಲದ ಬೆರಳಿನ ತೇವಕ್ಕೆ ಮೊದಲ ಎರಡು ಜೋಡಣೆ ಕೈಕೊಟ್ಟವು. ಬೆರಳಿಗೆ ಟಾಲ್ಕಂ ಪೌಡರ್ ಸವರಿಕೊಂಡು, ಪೂರ್ತಿ ಒರೆಸಿಕೊಂಡು ಮಾಡಿದ ಮೂರನೆಯದು ನಿಂತಿತು.

ಓಡಿಸಿದರೆ ಎಕೋ ಬಂತು! ಮೂರೂ ಹೆಡ್, ಸ್ಪಷ್ಟವಾಗಿ. ಆದರೆ ಒಂದು ಸುತ್ತು ಮುಗಿಯುತ್ತಿದ್ದ ಹಾಗೆ ಮೊದಲು ಬಾರಿಸಿದ್ದು ಮಸುಕಾಗಿ ಮತ್ತೆ ಕೇಳತೊಡಗಿತು, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಅಳಿಸುವ ಕೆಲಸ ಆಗುತ್ತಿಲ್ಲ. ಯೋಚಿಸಿದೆ: ಎರೇಸ್ ಹೆಡ್ಡಿಗೂ ರೆಕಾರ್ಡ್ ಹೆಡ್ಡಿಗೂ ಹೈ ಫ್ರೀಕ್ವೆನ್ಸಿ ಬಯಾಸ್ (ಅಳಿಸಲೂ ಚೊಕ್ಕವಾಗಿ ಬರೆಯಲೂ ಬೇಕಾದ, ಕಿವಿಗೆ ಕೇಳದ ಸಿಗ್ನಲ್) ಕೊಡುವುದು ಒಂದೇ ಆಸಿಲೇಟರ್. ಅದು ಸತ್ತಿದ್ದರೆ ರೆಕಾರ್ಡಿಂಗ್ ಕೂಡ ಒಡೆದ ಧ್ವನಿಯಲ್ಲಿ, ಕ್ಷೀಣವಾಗಿ ಬರಬೇಕಿತ್ತು. ರೆಕಾರ್ಡಿಂಗ್ ಚೊಕ್ಕವಾಗಿದೆ, ಹಾಗಾದರೆ ಆಸಿಲೇಟರ್ ಬದುಕಿದೆ, ತಪ್ಪು ಎರೇಸ್ ಹೆಡ್ಡಿನ ದಾರಿಯಲ್ಲೇ. ನೋಡಿದರೆ ಹಳೇ ಟೇಪು ಕೇಳಿದ ಮೇಲೆ ನಾನು ವಾಪಸ್ ಹಾಕಿದ ಬೆಸುಗೆಯೇ ಹಿಡಿದಿರಲಿಲ್ಲ. ಮೇಲೆ ಹೊಳಪಿತ್ತು, ಒಳಗೆ ವೈರು ಸಡಿಲ. ತುದಿ ಕೆರೆದು, ಫ್ಲಕ್ಸ್ ಹಚ್ಚಿ ಮತ್ತೆ ಬೆಸೆದೆ. ದೆವ್ವಗಳು ಹೋದವು.

ಟ್ರಿಮ್ಮರ್‌ಗಳನ್ನು ಫ್ಯಾಕ್ಟರಿ ಗುರುತಿಗೆ ವಾಪಸ್ ತಿರುಗಿಸಿ, ಅಲ್ಲಿಂದ ಸ್ವಲ್ಪ ಸ್ವಲ್ಪ ಸರಿಹೊಂದಿಸಿದೆ. ಹೆಚ್ಚೇನೂ ಬೇಕಾಗಲಿಲ್ಲ. ನಾಬ್‌ಗಳ ಕರಕರ ಸದ್ದಿಗೆ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಮೂವತ್ತು ಸಲ ತಿರುಗಿಸಿದೆ, ಟ್ರೆಬಲ್ ಒಂದು ಬಿಟ್ಟು ಉಳಿದದ್ದು ಸರಿಯಾದವು.

ಕೂದಲಿಗಿಂತ ಸಣ್ಣ ತಂತಿ

ಕೊನೆಗೆ ಉಳಿದದ್ದು ರಿವರ್ಬ್. ಪೆಟ್ಟಿಗೆ ತಟ್ಟಿದರೆ ಸ್ಪ್ರಿಂಗಿನ ಸದ್ದು ಗಾಳಿಯಲ್ಲಿ ಕೇಳುತ್ತದೆ, ಸ್ಪೀಕರಿನಲ್ಲಿ ಕೇಳುವುದಿಲ್ಲ. ಸರಿ ಇರುವ ರಿವರ್ಬ್ ಆದರೆ ತಟ್ಟಿದಾಗ ಸ್ಪೀಕರಿನಲ್ಲಿ ಗುಡುಗಬೇಕು. ಸ್ಪ್ರಿಂಗ್ ತಟ್ಟೆಯ ಎರಡು ತುದಿಯಲ್ಲೂ ಪುಟ್ಟ ಕಾಯಿಲ್ ಇರುತ್ತದೆ: ಒಂದು ಸ್ಪ್ರಿಂಗನ್ನು ಅಲುಗಿಸುತ್ತದೆ, ಇನ್ನೊಂದು ಅಲುಗಿದ್ದನ್ನು ಹಿಡಿಯುತ್ತದೆ. ಮಲ್ಟಿಮೀಟರ್ ಇಟ್ಟರೆ ಹಿಡಿಯುವ ಕಡೆಯ ಕಾಯಿಲ್ ಓಪನ್, ಅಂದರೆ ತಂತಿ ಎಲ್ಲೋ ತುಂಡಾಗಿದೆ.

ಭೂತಗನ್ನಡಿಯಲ್ಲಿ ನೋಡಿದಾಗ ಕಾಯಿಲಿನಿಂದ ಹೊರಗೆ ಬರುವ ತಾಮ್ರದ ತಂತಿ ಟರ್ಮಿನಲ್ಲಿಗೆ ತಾಗುವ ಜಾಗದಲ್ಲೇ ಹಸಿರು ಕಿಲುಬು ಹಿಡಿದು ತುಂಡಾಗಿತ್ತು. ಉಳಿದ ತುದಿ ಒಂದು ಅಕ್ಕಿಕಾಳಿನಷ್ಟು ಉದ್ದ. ಅದೂ ಹೋದರೆ ಕಾಯಿಲ್ ಬಿಚ್ಚಿ ಸುತ್ತಬೇಕು. ಗಾಳಿಗೆ ಅಲುಗದಿರಲಿ ಅಂತ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ತಲೆಗೆ ಟಾರ್ಚ್ ಕಟ್ಟಿಕೊಂಡು ಕೂತೆ. ತಂತಿಯ ಮೇಲಿನ ಎನಾಮೆಲ್ ಲೇಪ ಕೆರೆಯಲು ಬ್ಲೇಡು ಹಿಡಿಯುವ ಧೈರ್ಯ ಬರಲಿಲ್ಲ. ಐರನ್ ತುದಿಯಲ್ಲಿ ಒಂದು ಮಣಿಯಷ್ಟು ಕರಗಿದ ಲೆಡ್ ಇಟ್ಟುಕೊಂಡು, ಆ ಮಣಿಯೊಳಗೆ ತಂತಿಯ ತುದಿಯನ್ನು ಮುಳುಗಿಸಿ ಹಿಡಿದೆ. ಸಣ್ಣ ಹೊಗೆ ಬಂತು, ಎನಾಮೆಲ್ ಸುಟ್ಟು ತುದಿ ಬೆಳ್ಳಗಾಯಿತು. ಮಲ್ಟಿಮೀಟರ್ ವೈರಿನಿಂದ ಒಂದು ಎಳೆ ಬೇರ್ಪಡಿಸಿ ಅದಕ್ಕೆ ಸೇತುವೆ ಕಟ್ಟಿ ಟರ್ಮಿನಲ್ಲಿಗೆ ತಂದೆ. ಉಸಿರು ಬಿಟ್ಟದ್ದು ಆಮೇಲೆ. ಕಾಯಿಲಿನ ಮೇಲೆ ಒಂದು ಹನಿ ನೇಲ್ ಪಾಲಿಶ್, ತಂತಿ ಮತ್ತೆ ಅಲುಗದಿರಲು. ತಟ್ಟಿದೆ. ಮೇಜು, ಗೋಡೆ, ಕಿಟಕಿಯ ಗಾಜು ಎಲ್ಲಾ ಗುಡುಗಿತು. ಪಕ್ಕದ ಮನೆಯವರು ಹೊರಗೆ ಬಂದು ಆಕಾಶ ನೋಡಿದರು.

ಧ್ವನಿ

ಇದೇ ಮಷಿನ್‌ನ ಗುಣವನ್ನು ಚಿಪ್ಪಿನಲ್ಲಿ ಅನುಕರಿಸುವ ಪೆಡಲನ್ನು ಬಾಸ್ ಕಂಪನಿ 2007ರಲ್ಲೇ ತಂದಿದೆ, ಅದನ್ನು ನಾನೂ ಬಳಸಿದ್ದೇನೆ, ಒಳ್ಳೆಯ ಪೆಡಲ್. ಆದರೂ ಪಕ್ಕಪಕ್ಕ ಇಟ್ಟು ಕೇಳಿದಾಗ ಟೇಪು ಬೇರೆಯೇ. ಪ್ರತಿ ಸುತ್ತಿಗೂ ಧ್ವನಿಯ ಮೇಲಿನ ಅಂಚು ಸ್ವಲ್ಪ ಸವೆಯುತ್ತದೆ, ಕೆಳಗೆ ಸ್ವಲ್ಪ ಮೈ ತುಂಬುತ್ತದೆ, ಸ್ವರ ಕೂದಲಷ್ಟು ಮೇಲೆ ಕೆಳಗೆ ಆಡುತ್ತದೆ. ಮೊದಲ ಎಕೋ ಎದುರಿಗೆ, ಐದನೆಯದು ಮಂಜಿನ ಆಚೆ. ನೇರ ಸ್ವರಕ್ಕೆ ಜಾಗ ಬಿಟ್ಟು ಹಿಂದೆ ಸರಿಯುತ್ತದೆ, ಹಾಗಾಗಿ ಎಷ್ಟು ಹಾಕಿದರೂ ಹಾಡು ಕಲಸಿಹೋಗುವುದಿಲ್ಲ. ಇಂಟೆನ್ಸಿಟಿಯನ್ನು ಇನ್ನೂ ತಿರುಗಿಸಿದರೆ ಒಂದು ಕಡೆ ಎಕೋ ಕ್ಷೀಣಿಸುವುದನ್ನು ನಿಲ್ಲಿಸಿ ತಾನೇ ಬೆಳೆಯತೊಡಗುತ್ತದೆ. ಆಗ ಮೋಟಾರಿನ ವೇಗ ಬದಲಿಸುವ ರಿಪೀಟ್ ರೇಟ್ ನಾಬ್ ತಿರುಗಿಸಿದರೆ ಇಡೀ ಧ್ವನಿ ಬಾಗುತ್ತದೆ. ಜಮೈಕಾದ ಸಂಗೀತ ನಿರ್ಮಾಪಕ ಲೀ ಪೆರಿ ತನ್ನ ಬ್ಲ್ಯಾಕ್ ಆರ್ಕ್ ಸ್ಟುಡಿಯೋದಲ್ಲಿ ಈ ಮಷಿನ್‌ನ್ನು ವಾದ್ಯದಂತೆಯೇ ನುಡಿಸಿದ.

ಅಲುಗಾಟವನ್ನು ಇನ್ನೂ ಕಡಿಮೆ ಮಾಡಬಹುದಿತ್ತು. ಮೋಟಾರ್ ಪೂರ್ತಿ ಬಿಚ್ಚಬೇಕಿತ್ತು. ಮಾವನನ್ನು ಕೇಳಿದೆ. "ಅದು ಯಾವಾಗಲೂ ಅಷ್ಟು ಆಡ್ತಿತ್ತು, ಬಿಡು" ಅಂದರು. ಬಿಟ್ಟೆ.

ವಾಪಸ್ ಸೋಮವಾರಪೇಟೆಗೆ

ಸೆಪ್ಟೆಂಬರ್ ಕೊನೆಗೆ, ಮಳೆ ಸ್ವಲ್ಪ ಹೊಳವಾದಾಗ ತಲುಪಿಸಿದೆ. ಅಟ್ಟಕ್ಕೆ ಮತ್ತೆ ಹೋಗಬಾರದು ಅಂತ ಅತ್ತೆ ತಮ್ಮ ಬೀರುವಿನಲ್ಲೇ, ಬಲ್ಬು ಇರುವ ಕೆಳಗಿನ ಅರೆಯಲ್ಲಿ ಜಾಗ ಮಾಡಿಕೊಟ್ಟಿದ್ದರು. ಮಾವ ಗಿಟಾರಿಗೆ ಹೊಸ ತಂತಿ ಹಾಕಿ ಕಾಯುತ್ತಿದ್ದರು. ಸ್ಟೆಬಿಲೈಸರ್ ಮೂಲಕ ಪ್ಲಗ್ ಹಾಕಿದೆ. ಆ ಮನೆಯಲ್ಲಿ ಮಳೆಗಾಲದ ಸಂಜೆ ಮೀಟರ್ 170 ವೋಲ್ಟ್ ತೋರಿಸಿದ್ದನ್ನು ನೋಡಿದ್ದೇನೆ. ಮಾವ ಕನ್ನಡಕ ಹಾಕಿಕೊಳ್ಳದೆಯೇ ಕೈ ಚಾಚಿ ಮೋಡ್ ನಾಬನ್ನು ಟಕ್ ಟಕ್ ಅಂತ ಎಣಿಸಿ 6ಕ್ಕೆ ನಿಲ್ಲಿಸಿದರು, ಇಂಟೆನ್ಸಿಟಿಯನ್ನು ಗಡಿಯಾರದ ಹನ್ನೊಂದು ಗಂಟೆಗೆ. ಒಂದು ಸ್ವರ ಮೀಟಿ ಕೈ ಎತ್ತಿ, ಅದು ಪೂರ್ತಿ ಹೋಗುವವರೆಗೂ ಕಾದು, ಆಮೇಲೆ ಬಾರಿಸಲು ಶುರು ಮಾಡಿದರು. ಅತ್ತೆ ಒಳಗಿನಿಂದ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

ಮಾಡದೆ ಉಳಿಸಿದ್ದು: ಧ್ವನಿಯ ಮಟ್ಟ ತೋರಿಸುವ ವಿಯು ಮೀಟರಿನ ಬಲ್ಬು ಮಂಕಾಗಿದೆ, ಟ್ರೆಬಲ್ ನಾಬ್ ಕೊನೆಯಲ್ಲಿ ಇನ್ನೂ ಕರಕರ ಅನ್ನುತ್ತದೆ. ತೆಗೆದ ಹಳೇ ಕೆಪಾಸಿಟರ್ ಮತ್ತು ಫೆಲ್ಟಿನ ಚೂರನ್ನು ಒಂದು ಕವರಿನಲ್ಲಿ ಹಾಕಿ ಒಳಗೇ ಅಂಟಿಸಿದ್ದೇನೆ. ಮುಚ್ಚಳದ ಒಳಮೈಯಲ್ಲಿ ಪೆನ್ಸಿಲಿನಿಂದ ತಾರೀಖು, ಟೇಪು ಹಾಕಿದ ದಿನ, ಸಿಲಿಕಾ ಜೆಲ್ ಬದಲಿಸಬೇಕಾದ ತಿಂಗಳು ಬರೆದಿದ್ದೇನೆ: ಮೇ, ಮಳೆ ಹಿಡಿಯುವ ಮುಂಚೆ.